ಕಂಡರು, ಕರೆಯಲಿಲ್ಲ: ಜಾನ್ ಡೊನಾಲ್ಡ್‌ಸನ್ ಅವರಿಗೊಂದು ಪತ್ರ

ಮಾನ್ಯ ಜಾನ್ ವೆಸ್ಲಿ ಡೊನಾಲ್ಡ್‌ಸನ್ ಅವರಿಗೆ,

ನೀವು ತೀರಿಕೊಂಡು ಅರ್ಧ ಶತಮಾನ ದಾಟಿದ ಮೇಲೆ, ಬೇಸ್‌ಬಾಲ್ ಅಷ್ಟಾಗಿ ಆಡದ ನಾಡಿನಿಂದ ಈ ಪತ್ರ ಬರೆಯುತ್ತಿದ್ದೇನೆ. ಬರೆಯಲು ಕಾರಣ, ನಿಮ್ಮ ಕುರಿತ ಬರಹಗಳಲ್ಲಿ ಪದೇ ಪದೇ ಎದುರಾಗುವ ಒಂದು ಮಾತು. ಯಾರ ಕಣ್ಣಿಗೂ ಬೀಳದೆ ಹೋದ ದೊಡ್ಡ ಆಟಗಾರ ನೀವು ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಮೆರಿಕ ಮತ್ತು ಕೆನಡಾದ 700ಕ್ಕೂ ಹೆಚ್ಚು ಊರುಗಳಲ್ಲಿ ಆಡಿದವರು ನೀವು. ಪ್ರತಿ ಊರಲ್ಲೂ ಜನ ಟಿಕೆಟ್ ಕೊಂಡು ಬಂದು ನೋಡಿದ್ದಾರೆ. ಆಟದ ದೊಡ್ಡ ಯಜಮಾನರೂ ನೋಡಿದ್ದಾರೆ. ನೋಡಿ, ಅಳೆದು, ಬೆಲೆಯನ್ನೂ ಕಟ್ಟಿದ್ದಾರೆ. ಕರೆಯಲಿಲ್ಲ, ಅಷ್ಟೆ. ಕಾಣದೇ ಹೋದದ್ದಕ್ಕೆ ಕ್ಷಮೆಯುಂಟು. ಕಂಡೂ ಕರೆಯದೇ ಹೋದದ್ದಕ್ಕೆ ಆ ಹೆಸರು ಕೊಟ್ಟು ಕೈತೊಳೆದುಕೊಳ್ಳಬಾರದು.

ನಿಮ್ಮ ಕಥೆ ತಿಳಿಯದ ಕನ್ನಡದ ಓದುಗರಿಗಾಗಿ, ನಿಮಗೆ ಗೊತ್ತಿರುವುದನ್ನೇ ಒಂದಿಷ್ಟು ಹೇಳಬೇಕಾಗುತ್ತದೆ, ಬೇಸರಿಸಬೇಡಿ. ಮಿಸೂರಿ ನದಿಯ ದಡದಲ್ಲಿರುವ ಗ್ಲಾಸ್ಗೋ ಎಂಬ ಸಣ್ಣ ಊರಿನ ಕಪ್ಪುವರ್ಣೀಯ ಕುಟುಂಬವೊಂದರಲ್ಲಿ 1891ರಲ್ಲಿ ನೀವು ಹುಟ್ಟಿದಿರಿ. ಮಿಸೂರಿ ರಾಜ್ಯದಲ್ಲಿ ಗುಲಾಮಗಿರಿ ರದ್ದಾಗಿ ಆಗಿನ್ನೂ 26 ವರ್ಷ. ಬೇಸ್‌ಬಾಲಿನ ಮೇಲ್ಮಟ್ಟವಾದ ದೊಡ್ಡ ಲೀಗುಗಳಲ್ಲಿ ಕಪ್ಪುವರ್ಣೀಯರು ಆಡಬಾರದೆಂದು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆಯದೆಯೇ ನಡೆಯುತ್ತಿತ್ತು. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಟೊಲೀಡೊ ತಂಡದಲ್ಲಿ ಆಡಿದ್ದೇ ಕೊನೆ. ಆಮೇಲೆ ಕ್ಲಬ್ಬುಗಳ ಯಜಮಾನರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಬಾಗಿಲು ಹಾಕಿಕೊಂಡರು. ಕಾನೂನಾಗಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸಬಹುದಿತ್ತು; ಮಾತಿನ ಒಪ್ಪಂದವನ್ನು ಪ್ರಶ್ನಿಸುವುದು ಯಾರನ್ನು ಹಿಡಿದು? 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರವಾಗಿ ಅಂಗಳಕ್ಕಿಳಿಯುವ ತನಕ ಆ ಮಾತು ಗಟ್ಟಿಯಾಗಿ ನಿಂತಿತ್ತು. ಅಂದು ನಿಮಗೆ 56 ವರ್ಷ.

1911ರಲ್ಲಿ ನೀವು ಟೆನೆಸಿ ರ‍್ಯಾಟ್ಸ್ ಎಂಬ ತಿರುಗಾಟದ ತಂಡ ಸೇರಿದಿರಿ. ಹೆಸರಿನಲ್ಲಿ ಟೆನೆಸಿ ಇದ್ದರೂ ಅದು ಮಿಸೂರಿಯದೇ ತಂಡ. ಹಗಲು ಊರಿನವರ ಜೊತೆ ಪಂದ್ಯ, ರಾತ್ರಿ ಹಾಡು ಕುಣಿತದ ಪ್ರದರ್ಶನ. ಮುಂದಿನ ವರ್ಷ ಜೆ.ಎಲ್. ವಿಲ್ಕಿನ್ಸನ್ ಎಂಬ ಬಿಳಿಯ ಯಜಮಾನ ಕಟ್ಟಿದ ‘ಆಲ್ ನೇಷನ್ಸ್’ ತಂಡಕ್ಕೆ ಬಂದಿರಿ. ಆ ಕಾಲದ ಅಮೆರಿಕದಲ್ಲಿ ಅಂಥ ತಂಡ ಇನ್ನೊಂದಿರಲಿಲ್ಲ. ಕಪ್ಪುವರ್ಣೀಯರು, ಬಿಳಿಯರು, ಕ್ಯೂಬಾದವರು, ಮೂಲನಿವಾಸಿಗಳು, ಒಬ್ಬ ಜಪಾನೀಯ, ಜೊತೆಗೊಬ್ಬ ಹೆಂಗಸು ಕೂಡ. ತಂಡಕ್ಕೆ ಸ್ವಂತದ ರೈಲುಡಬ್ಬಿ ಇತ್ತು, ಬೆಲೆ 25,000 ಡಾಲರ್ ಎಂದು ಜಾಹೀರು ಮಾಡುತ್ತಿದ್ದರು. ಆಟದ ಜೊತೆಗೆ ವಾದ್ಯಮೇಳ, ಕುಸ್ತಿ. ಆ ಡಬ್ಬಿಯ ವೈಭವದ ಬಗ್ಗೆ ಬರೆಯುವವರು ಇನ್ನೊಂದನ್ನೂ ಬರೆಯಬೇಕು: ಹೋಟೆಲಿನವರು ಕೋಣೆ ಕೊಡದ ಊರಿನಲ್ಲಿ ರಾತ್ರಿ ಮಲಗಲು ನಿಮ್ಮಂಥವರಿಗೆ ಅದೊಂದೇ ಜಾಗ.

ಆ ತಂಡದ ಮುಖ್ಯ ಆಕರ್ಷಣೆ ನಿಮ್ಮ ಎಡಗೈ. ಕ್ರಿಕೆಟ್ ಬಲ್ಲ ನಮ್ಮವರಿಗೆ ಹೀಗೆ ಹೇಳಬಹುದು. ಪಿಚರ್ 60 ಅಡಿ 6 ಅಂಗುಲ ದೂರದಿಂದ, ನೆಲಕ್ಕೆ ಬಡಿಯದಂತೆ ನೇರವಾಗಿ ಚೆಂಡೆಸೆಯಬೇಕು. ಬ್ಯಾಟು ಹಿಡಿದವನು ಮೂರು ಸಲ ತಪ್ಪಿದರೆ ಸ್ಟ್ರೈಕ್‌ಔಟ್. ಒಂಬತ್ತು ಇನಿಂಗ್ಸಿನ ಪಂದ್ಯದಲ್ಲಿ ಎದುರಾಳಿಯ 27 ಜನರನ್ನು ಔಟ್ ಮಾಡಬೇಕು. ಅದರಲ್ಲಿ ಹದಿನೈದು, ಹದಿನೆಂಟು ಜನರನ್ನು ನೀವೊಬ್ಬರೇ ಸ್ಟ್ರೈಕ್‌ಔಟ್ ಮಾಡಿ ಕಳಿಸುತ್ತಿದ್ದಿರಿ. ಅಂಥ ದಿನಗಳಲ್ಲಿ ಹಿಂದೆ ನಿಂತ ಫೀಲ್ಡರುಗಳಿಗೆ ಹೆಚ್ಚು ಕೆಲಸವೇ ಇರುತ್ತಿರಲಿಲ್ಲ. ಎದುರಾಳಿಗೆ ಒಂದೂ ಹಿಟ್, ಅಂದರೆ ಔಟಾಗದೆ ಓಡಿ ಉಳಿಯುವಂಥ ಒಂದೂ ಹೊಡೆತ, ಕೊಡದೆ ಪಂದ್ಯ ಮುಗಿಸುವುದು ಪಿಚರ್ ಒಬ್ಬನ ಬಾಳಿನಲ್ಲಿ ಒಮ್ಮೆ ಒದಗಿದರೆ ಹೆಚ್ಚು. ನಿಮಗೆ ಅದು ಮತ್ತೆ ಮತ್ತೆ ಒದಗಿತು.

ಈಗ ಮೆಕ್‌ಗ್ರಾ ವಿಷಯ. ನ್ಯೂಯಾರ್ಕ್ ಜೈಂಟ್ಸ್ ತಂಡದ ಮ್ಯಾನೇಜರ್ ಜಾನ್ ಮೆಕ್‌ಗ್ರಾ, ಡೊನಾಲ್ಡ್‌ಸನ್ ಬಿಳಿಯನಾಗಿದ್ದರೆ 50,000 ಡಾಲರ್ ಕೊಡುತ್ತಿದ್ದೆ ಎಂದರೆಂದು ಪತ್ರಿಕೆಗಳು ಅಚ್ಚು ಹಾಕಿದವು. ನಿಮ್ಮ ಪಂದ್ಯಗಳ ಪ್ರಚಾರದಲ್ಲೂ ಆ ಮಾತನ್ನು ಬಳಸಿಕೊಂಡರು. ಇಂದಿಗೂ ನಿಮ್ಮ ಹೆಸರು ಬಂದಲ್ಲೆಲ್ಲ ಆ ಮೊತ್ತವನ್ನು ಪದಕದಂತೆ ಮುಂದಿಡುತ್ತಾರೆ. ನನಗೆ ಅದು ತಪ್ಪೊಪ್ಪಿಗೆಯಾಗಿ ಕೇಳುತ್ತದೆ. ಅಂಗಳದಲ್ಲಿ ಅವರ ಮಾತನ್ನು ಮೀರುವವರಿರಲಿಲ್ಲ. ಬೆಲೆ ಗೊತ್ತಿತ್ತು, ಕೊಳ್ಳುವ ದುಡ್ಡಿತ್ತು.

ಅದೇ ಮೆಕ್‌ಗ್ರಾ 1901ರಲ್ಲಿ ಬಾಲ್ಟಿಮೋರ್ ತಂಡದಲ್ಲಿದ್ದಾಗ ಚಾರ್ಲಿ ಗ್ರಾಂಟ್ ಎಂಬ ಕಪ್ಪುವರ್ಣೀಯ ಆಟಗಾರನಿಗೆ ಟೊಕೊಹಾಮ ಎಂದು ಹೆಸರಿಟ್ಟು, ಚೆರೋಕಿ ಬುಡಕಟ್ಟಿನವನೆಂದು ಹೇಳಿ ತಂಡಕ್ಕೆ ಸೇರಿಸಿಕೊಳ್ಳಲು ನೋಡಿದ್ದರು. ಅದು ಬಯಲಾಯಿತು. ಎದ್ದು ನಿಂತು ಆಕ್ಷೇಪಿಸಿದವರು ಶಿಕಾಗೊ ವೈಟ್ ಸಾಕ್ಸ್ ಕ್ಲಬ್ಬಿನ ಯಜಮಾನ ಚಾರ್ಲ್ಸ್ ಕೊಮಿಸ್ಕಿ. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಲಿ; ನಿಮ್ಮ ಕಥೆಯಲ್ಲಿ ಆ ಕ್ಲಬ್ಬು ಮತ್ತೆ ಬರುತ್ತದೆ.

ನಿಮಗೂ ಒಂದು ವೇಷದ ಆಮಿಷ ಬಂತು. ಕ್ಯೂಬಾಕ್ಕೆ ಹೋಗು, ಹೆಸರು ಬದಲಾಯಿಸಿಕೋ, ಕ್ಯೂಬಾದವನಾಗಿ ತಿರುಗಿ ಬಾ, ದೊಡ್ಡ ಆಟಕ್ಕೆ ಸೇರಿಸುತ್ತೇವೆ, ಒಳ್ಳೆಯ ದುಡ್ಡೂ ಕೊಡುತ್ತೇವೆ ಎಂದರು. ಸುಳ್ಳು ಆಸೆಯೇನಲ್ಲ ಅದು. 1911ರಲ್ಲಿ ಸಿನ್ಸಿನ್ಯಾಟಿ ರೆಡ್ಸ್ ತಂಡ ರಫಾಯೆಲ್ ಅಲ್ಮೇಡ, ಅರ್ಮಾಂಡೊ ಮಾರ್ಸಾನ್ಸ್ ಎಂಬ ಇಬ್ಬರು ಕ್ಯೂಬನ್ನರನ್ನು ಸೇರಿಸಿಕೊಂಡಿತ್ತು. ಹಾಗಾಗಿ ಕ್ಯೂಬನ್ ಎಂಬ ಹೆಸರಿಗೆ ಬಾಗಿಲು ಒಂದಿಷ್ಟು ಸಡಿಲವಾಗಿತ್ತು. ಆದರೆ ನಿಮಗೆ ಹಾಕಿದ ಷರತ್ತು ಏನು? ಮತ್ತೆಂದೂ ನಿಮ್ಮ ತಾಯಿಯ ಮುಖ ನೋಡುವ ಹಾಗಿಲ್ಲ, ನಿಮ್ಮ ಜನರ ಜೊತೆ ಬಳಕೆ ಇಟ್ಟುಕೊಳ್ಳುವ ಹಾಗಿಲ್ಲ. ನೀವು ಒಲ್ಲೆ ಎಂದಿರಿ. ನನ್ನ ಬಣ್ಣದ ಬಗ್ಗೆ ನನಗೆ ನಾಚಿಕೆಯಿಲ್ಲ ಎಂಬ ಅರ್ಥದಲ್ಲಿ ಪತ್ರಿಕೆಯವರಿಗೆ ನೀವು ಹೇಳಿದ್ದು ಅಚ್ಚಾಗಿ ಉಳಿದಿದೆ. ಒಪ್ಪಿದ್ದರೂ ನಿಮ್ಮನ್ನು ದೂರಲು ನಮಗೇನು ಹಕ್ಕಿತ್ತು? ಹೆತ್ತ ತಾಯಿಯನ್ನು ಬಿಟ್ಟು ಬಾ ಎಂದು ಕೇಳಿದವರನ್ನು ಮಾತ್ರ ಈ ಪತ್ರದಲ್ಲಿ ದೂರದೆ ಬಿಡಲಾರೆ.

ಇಲ್ಲಿ ನಮ್ಮ ಕಡೆಯವರೊಬ್ಬರ ಹೆಸರು ಹೇಳಬೇಕೆನಿಸುತ್ತದೆ. ನೀವು ಟೆನೆಸಿ ರ‍್ಯಾಟ್ಸ್ ಸೇರಿದ ಅದೇ 1911ರಲ್ಲಿ, ಧಾರವಾಡದಲ್ಲಿ ಹುಟ್ಟಿದ ದಲಿತ ಕ್ರಿಕೆಟಿಗ ಪಾಲ್ವಣಕರ್ ಬಾಳೂ ಭಾರತದ ತಂಡದೊಡನೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಅವರದೂ ಎಡಗೈ ಎಸೆತವೇ. ಅದಕ್ಕೂ ಮುಂಚೆ ಪುಣೆಯಲ್ಲಿ ಅವರು ಹಿಂದೂಗಳ ತಂಡಕ್ಕೆ ಪಂದ್ಯ ಗೆದ್ದುಕೊಡುತ್ತಿದ್ದಾಗ, ಚಹಾದ ಹೊತ್ತಿಗೆ ಅವರನ್ನು ಪೆವಿಲಿಯನ್ನಿನ ಹೊರಗೆ ನಿಲ್ಲಿಸಿ ಬೇರೆ ಲೋಟದಲ್ಲಿ ಕೊಡುತ್ತಿದ್ದರು. ಎಸೆತ ಬೇಕು, ಮನುಷ್ಯ ಬೇಡ. ನಿಮ್ಮಿಬ್ಬರಿಗೆ ಪರಸ್ಪರ ಗೊತ್ತಿರಲು ಸಾಧ್ಯವಿಲ್ಲ. ನಿಮ್ಮ ಮಾತು ಅವರಿಗೆ, ಅವರ ಮಾತು ನಿಮಗೆ ಬೇಗ ಅರ್ಥವಾಗುತ್ತಿತ್ತು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಮೊದಲ ಮಹಾಯುದ್ಧಕ್ಕೆ ಆಲ್ ನೇಷನ್ಸ್ ಚೆದುರಿತು. ನೀವು ಇಂಡಿಯಾನಾಪೊಲಿಸ್, ಬ್ರೂಕ್ಲಿನ್, ಡೆಟ್ರಾಯಿಟ್ ಊರುಗಳ ಕಪ್ಪುವರ್ಣೀಯ ತಂಡಗಳಲ್ಲಿ ಆಡಿದಿರಿ. 1920ರ ಫೆಬ್ರವರಿಯಲ್ಲಿ ಶಿಕಾಗೊದ ಕಪ್ಪುವರ್ಣೀಯ ತಂಡವೊಂದರ ಯಜಮಾನ ರೂಬ್ ಫಾಸ್ಟರ್ ಮತ್ತು ಸಂಗಡಿಗರು ಕಾನ್ಸಾಸ್ ಸಿಟಿಯಲ್ಲಿ ಸೇರಿ ಕಪ್ಪುವರ್ಣೀಯ ತಂಡಗಳದೇ ನೀಗ್ರೊ ನ್ಯಾಷನಲ್ ಲೀಗ್ ಕಟ್ಟಿದರು. ಅದೇ ಊರಿಗೆ ವಿಲ್ಕಿನ್ಸನ್ ಹೊಸ ತಂಡ ತಂದರು. ಅದಕ್ಕೆ ‘ಮೊನಾರ್ಕ್ಸ್’ ಎಂಬ ಹೆಸರು ಸೂಚಿಸಿದವರು ನೀವು. ಮುಂದೆ ಹೆಸರಾಂತ ಪಿಚರ್ ಸ್ಯಾಚೆಲ್ ಪೇಜ್ ಆಡಿದ್ದು ಆ ಹೆಸರಿನಡಿ. 1945ರಲ್ಲಿ ಜ್ಯಾಕಿ ರಾಬಿನ್ಸನ್ ಆಡುತ್ತಿದ್ದದ್ದೂ ಆ ತಂಡದಲ್ಲೇ. ಅವರನ್ನು ಎತ್ತಿಕೊಂಡು ಹೋದ ಬ್ರೂಕ್ಲಿನ್ ಕ್ಲಬ್ಬು ಮೊನಾರ್ಕ್ಸ್‌ಗೆ ಬಿಡಿಗಾಸನ್ನೂ ಕೊಡಲಿಲ್ಲ.

ಮೊನಾರ್ಕ್ಸ್‌ನಲ್ಲಿ ನೀವು ಹೆಚ್ಚಾಗಿ ಅಂಗಳದ ಹಿಂಬದಿಯ ನಡುಭಾಗವಾದ ಸೆಂಟರ್ ಫೀಲ್ಡಿನಲ್ಲಿ ನಿಂತಿರಿ. ಆಮೇಲೆ ಲೀಗು ಬಿಟ್ಟು ಮಿನೆಸೋಟದ ಕಡೆ ಹೊರಟುಬಿಟ್ಟಿರಿ. 1924ರಲ್ಲಿ ಬರ್ತಾ ಎಂಬ ಪುಟ್ಟ ಊರು ನಿಮ್ಮನ್ನು ತಿಂಗಳ ಸಂಬಳಕ್ಕೆ ಗೊತ್ತು ಮಾಡಿಕೊಂಡಿತು. ಬಿಳಿಯರ ಊರು, ಬಿಳಿಯರ ತಂಡ, ನಡುವೆ ನೀವೊಬ್ಬರು. ಇತಿಹಾಸ ಬರೆಯುವ ಕೆಲವರು ಇದನ್ನು ಇಳಿತವೆಂದು ನೋಡುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಸಂಬಳ ಗಟ್ಟಿಯಾಗಿತ್ತು, ಮೊದಲಿನಂತೆ ಪಿಚ್ ಮಾಡಲು ಸಿಗುತ್ತಿತ್ತು. ಬಾಗಿಲು ಮುಚ್ಚಿದವರ ಮುಂದೆ ಕಾಯುತ್ತ ಕೂರುವ ಬದಲು, ಕರೆದವರ ಊರಿಗೆ ಹೋಗಿ ಆಡಿದಿರಿ. ಸುತ್ತಲಿನ ಊರುಗಳವರಿಗೆ ನೀವು ಬರುವ ದಿನ ಹಬ್ಬ. ಎದುರಾಳಿ ಊರಿನ ಗೇಟಿನಲ್ಲೂ ನಿಮ್ಮ ಹೆಸರಿನ ಮೇಲೆಯೇ ದುಡ್ಡು ಬೀಳುತ್ತಿತ್ತು.

1925ರಲ್ಲಿ ಫರ್ಗಸ್ ಫಾಲ್ಸ್ ಎಂಬಲ್ಲಿ ನಿಮ್ಮ ಆಟವನ್ನು ಯಾರೋ ಚಲನಚಿತ್ರದ ಕ್ಯಾಮೆರಾದಲ್ಲಿ ಹಿಡಿದರು. ಹತ್ತಾರು ವರ್ಷ ಅದು ಯಾವುದೆಂದು ಗುರುತಿಸದೆ ಬಿದ್ದಿತ್ತು. ಒಂದು ನಿಮಿಷವೂ ಇಲ್ಲದ ಆ ತುಣುಕನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಶಬ್ದವಿಲ್ಲ, ಕಪ್ಪುಬಿಳುಪು, ಅಂಚೆಲ್ಲ ಮಸುಕು. ನೀವು ಎಸೆಯುತ್ತೀರಿ, ಬ್ಯಾಟನ್ನೂ ಬೀಸುತ್ತೀರಿ. ವಯಸ್ಸು 34. ಮೈಯಲ್ಲಿ ಎಲ್ಲಿಯೂ ಬಿಗುವಿಲ್ಲ. ಇದು ನನ್ನ ಕೆಲಸ, ಇದು ನನಗೆ ಗೊತ್ತು ಎಂಬಂಥ ನಿರಾಳ. ನಿಮ್ಮಂಥ ಪಿಚರ್ ಆಡಿದ್ದಕ್ಕೆ ಜಗತ್ತು ಉಳಿಸಿಕೊಂಡ ದೃಶ್ಯ ಅಷ್ಟೇ ಎಂದುಕೊಂಡರೆ ಹೊಟ್ಟೆ ಉರಿಯುತ್ತದೆ.

ಲೆಕ್ಕ ಮಾತ್ರ ಉಳಿದಿದೆ. ಉಳಿದದ್ದು ಎಲ್ಲಿ ಅಂದರೆ, ಆ ಸಣ್ಣ ಊರುಗಳ ವಾರಪತ್ರಿಕೆಗಳಲ್ಲಿ. ಮುಗಿದ ಪಂದ್ಯದ ಕೋಷ್ಟಕವನ್ನು ಅವರು ಅಕ್ಕರೆಯಿಂದ ಅಚ್ಚು ಮಾಡುತ್ತಿದ್ದರು. ಆಟಗಾರರ ಹೆಸರುಗಳ ಪಟ್ಟಿ, ಪಕ್ಕದಲ್ಲಿ ರನ್ನು ಹಿಟ್ಟುಗಳ ಅಂಕಣ, ಕೆಳಗೆ ಸಣ್ಣ ಅಕ್ಷರದ ಸಾಲಿನಲ್ಲಿ ಯಾವ ಪಿಚರ್ ಎಷ್ಟು ಜನರನ್ನು ಸ್ಟ್ರೈಕ್‌ಔಟ್ ಮಾಡಿದ ಎಂಬ ಸಂಖ್ಯೆ. ಮಿನೆಸೋಟದ ಪೀಟರ್ ಗಾರ್ಟನ್ ಎಂಬವರು ನಿಮ್ಮ ಬೆನ್ನು ಹತ್ತಿದರು. ಅವರ ಜೊತೆ ನೂರಾರು ಜನ ಕೈಗೂಡಿಸಿ, ಗ್ರಂಥಾಲಯಗಳ ಮೈಕ್ರೋಫಿಲ್ಮ್ ಸುರುಳಿಗಳಲ್ಲಿ ಒಂದೊಂದೇ ಊರು, ಒಂದೊಂದೇ ಭಾನುವಾರ ಹುಡುಕಿದರು. ತಮ್ಮ ಗುಂಪಿಗೆ ನಿಮ್ಮದೇ ಹೆಸರಿಟ್ಟುಕೊಂಡಿದ್ದಾರೆ. ಇಲ್ಲಿಯ ತನಕ ಸಿಕ್ಕ ಗೆಲುವುಗಳು 400ಕ್ಕೂ ಹೆಚ್ಚು, ಸ್ಟ್ರೈಕ್‌ಔಟುಗಳು 5,000ಕ್ಕೂ ಹೆಚ್ಚು. ಇದು ಸಿಕ್ಕಿದ ಪತ್ರಿಕೆಗಳದ್ದು ಮಾತ್ರ. ಸುಟ್ಟುಹೋದ, ಗೆದ್ದಲು ತಿಂದ, ಯಾರೂ ಕಟ್ಟಿಡದ ಪತ್ರಿಕೆಗಳಲ್ಲಿ ಇನ್ನೆಷ್ಟಿತ್ತೋ.

ಎದುರಿಗಿದ್ದವರು ಹಳ್ಳಿಯ ತಂಡದವರು, ಅದನ್ನು ದೊಡ್ಡ ಲೀಗಿನ ಲೆಕ್ಕಕ್ಕೆ ಹೇಗೆ ಹೋಲಿಸುವುದು ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಆದರೆ ಫಾಸ್ಟರ್ ಅವರ ಶಿಕಾಗೊ ಅಮೆರಿಕನ್ ಜೈಂಟ್ಸ್ ಮತ್ತು ಇಂಡಿಯಾನಾಪೊಲಿಸ್ ಎ.ಬಿ.ಸಿ.ಗಳಂಥ ಬಲವಾದ ತಂಡಗಳನ್ನೂ ಆಲ್ ನೇಷನ್ಸ್ ಮಣಿಸಿತ್ತು. 1952ರಲ್ಲಿ ಪಿಟ್ಸ್‌ಬರ್ಗ್ ಕೂರಿಯರ್ ಪತ್ರಿಕೆ, ಆಟ ಬಲ್ಲವರ ಮತ ತೆಗೆದು ಕಪ್ಪುವರ್ಣೀಯರ ಬೇಸ್‌ಬಾಲಿನ ಸಾರ್ವಕಾಲಿಕ ತಂಡ ಕಟ್ಟಿದಾಗ, ಮೊದಲ ತಂಡದ ಪಿಚರುಗಳಲ್ಲಿ ಜೋ ವಿಲಿಯಮ್ಸ್, ಸ್ಯಾಚೆಲ್ ಪೇಜ್ ಅವರ ಸಾಲಿನಲ್ಲಿ ನಿಮ್ಮ ಹೆಸರಿತ್ತು. ಮತ ಹಾಕಿದವರು ನಿಮ್ಮನ್ನು ಕಣ್ಣಾರೆ ನೋಡಿದ್ದ ತಲೆಮಾರಿನವರು. ಅದಕ್ಕಿಂತ ದೊಡ್ಡ ಪ್ರಮಾಣ ನನಗೆ ಬೇಡ. ಈಗ ದೊಡ್ಡ ಲೀಗಿನವರು 1920ರಿಂದ 1948ರ ತನಕದ ನೀಗ್ರೊ ಲೀಗುಗಳನ್ನು ತಮ್ಮ ಸಮಕ್ಕೆ ಒಪ್ಪಿಕೊಂಡಿದ್ದಾರೆ, 2024ರಲ್ಲಿ ಅಂಕಿಅಂಶಗಳನ್ನೂ ಸೇರಿಸಿಕೊಂಡರು. ಒಳ್ಳೆಯದೇ ಆಯಿತು. ನಿಮಗೆ ಅದರಿಂದ ಸಿಕ್ಕಿದ್ದು ಕಡಿಮೆ. ನಿಮ್ಮ ಉತ್ತಮ ವರ್ಷಗಳು 1920ಕ್ಕೂ ಮೊದಲಿನವು, ಮಿಕ್ಕವು ಬರ್ತಾದಂಥ ಊರುಗಳಲ್ಲಿ ಕಳೆದವು.

ಇನ್ನು ನಿಮ್ಮ ಎರಡನೆಯ ಕೆಲಸ. ನಾನು ಈ ಪತ್ರ ಬರೆಯಲು ಅದೇ ಮುಖ್ಯ ಕಾರಣ.

1949ರಲ್ಲಿ ಶಿಕಾಗೊ ವೈಟ್ ಸಾಕ್ಸ್ ನಿಮ್ಮನ್ನು ಸ್ಕೌಟ್ ಆಗಿ ನೇಮಿಸಿಕೊಂಡಿತು. ದೊಡ್ಡ ಲೀಗಿನ ಮೊದಲ ಪೂರ್ಣಾವಧಿ ಕಪ್ಪುವರ್ಣೀಯ ಸ್ಕೌಟ್ ನೀವು. ಚಾರ್ಲಿ ಗ್ರಾಂಟ್ ಬಂದಾಗ ಅಡ್ಡ ನಿಂತ ಕೊಮಿಸ್ಕಿಯ ಕ್ಲಬ್ಬದು. 1949ರಲ್ಲೂ ಅದು ಆ ಮನೆತನದ ಕೈಯಲ್ಲೇ ಇತ್ತು. ಆ ನೌಕರಿಯ ಪತ್ರ ಕೈಗೆ ಬಂದಾಗ ನಿಮಗೆ ಏನನ್ನಿಸಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನಿಮ್ಮನ್ನು ಒಳಗೆ ಬಿಡದ ಮನೆಗೆ ನಿಮ್ಮ ಕೈಯಾರೆ ಬೇರೆಯವರನ್ನು ಕರೆತರುವ ಕೆಲಸ. ನೀವು ಒಪ್ಪಿಕೊಂಡಿರಿ. 58ನೆಯ ವಯಸ್ಸಿನಲ್ಲಿ ಮತ್ತೆ ಊರೂರು ತಿರುಗಲು ಹೊರಟಿರಿ.

ಸ್ಕೌಟಿನ ಕೆಲಸ ಏನೆಂದು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ. ಎಸೆತದ ವೇಗ ಅಳೆಯುವ ಯಂತ್ರ ಆಗ ಇರಲಿಲ್ಲ. ಬ್ಯಾಟು ಹಿಡಿದವನು ನಿಲ್ಲುವ ಹೋಮ್ ಪ್ಲೇಟಿನ ಹಿಂದಿನ ಸಾಲಿನಲ್ಲಿ ಕೂತು ಹದಿನೆಂಟು ಇಪ್ಪತ್ತರ ಹುಡುಗನನ್ನು ನೋಡಬೇಕು. ಇವತ್ತು ಅವನು ಹೊಡೆದನೋ ಬಿಟ್ಟನೋ ಎನ್ನುವುದು ಎರಡನೆಯ ಮಾತು. ಚೆಂಡು ಬರುವಾಗ ಮಣಿಕಟ್ಟು ಹೇಗೆ ತಿರುಗುತ್ತದೆ, ಓಡುವಾಗ ಮೊದಲ ಹೆಜ್ಜೆ ಎಷ್ಟು ಚುರುಕು, ಸೋಲುತ್ತಿರುವಾಗ ಮುಖ ಹೇಗಿದೆ, ಐದು ವರ್ಷ ಬಿಟ್ಟು ಇವನು ಏನಾಗುತ್ತಾನೆ. ಇಲ್ಲದ್ದನ್ನು ಊಹಿಸಿ ಕ್ಲಬ್ಬಿಗೆ ಬರೆಯಬೇಕು, ಬರೆದದ್ದಕ್ಕೆ ಜವಾಬುದಾರನಾಗಬೇಕು. ಸಾವಿರಾರು ಬ್ಯಾಟ್ಸ್‌ಮನ್ನರನ್ನು ಎದುರಿಗಿಟ್ಟುಕೊಂಡು ಅವರ ದೌರ್ಬಲ್ಯ ಹುಡುಕುತ್ತ ಬಾಳು ಕಳೆದ ನಿಮಗಿಂತ ಅರ್ಹರು ಬೇರೆ ಯಾರಿದ್ದರು?

ನೀವು ನೀಗ್ರೊ ಅಮೆರಿಕನ್ ಲೀಗಿನ ಮೇಲೆ ಕಣ್ಣಿಟ್ಟಿರಿ. ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡದಲ್ಲಿ, ಇನ್ನೂ ಹೈಸ್ಕೂಲು ಮುಗಿಸದ ಒಬ್ಬ ಹುಡುಗ ಸೆಂಟರ್ ಫೀಲ್ಡಿನಲ್ಲಿ ಆಡುತ್ತಿದ್ದ. ವಿಲಿ ಮೇಸ್. ನೀವು ಸ್ವತಃ ಆಡಿದ್ದ ಜಾಗವದು. ಆ ಹುಡುಗ ಬೇಕೆಂದು ಕ್ಲಬ್ಬಿಗೆ ತಿಳಿಸಿದಿರಿ. ವೈಟ್ ಸಾಕ್ಸ್ ಕೈ ಚಾಚಲಿಲ್ಲ. 1950ರ ಜೂನಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಮೇಸ್ ಅವರಿಂದ ಸಹಿ ಹಾಕಿಸಿಕೊಂಡಿತು. ಬ್ಯಾರನ್ಸ್‌ಗೆ ಕೊಟ್ಟದ್ದು 10,000 ಡಾಲರ್. ನಿಮ್ಮ ಎಸೆತಕ್ಕೆ ಮೆಕ್‌ಗ್ರಾ ಬಾಯಿಮಾತಿನಲ್ಲಿ ಕಟ್ಟಿದ ಬೆಲೆಯ ಐದನೇ ಒಂದು ಪಾಲು ಅದು. ಮೇಸ್ 660 ಹೋಮ್ ರನ್ ಹೊಡೆದರು. ಬೇಸ್‌ಬಾಲ್ ಆಡಿದವರಲ್ಲೇ ಶ್ರೇಷ್ಠರು ಅವರೆಂದು ವಾದಿಸುವವರು ಇಂದಿಗೂ ಇದ್ದಾರೆ.

ಕರೆಯದಿರುವುದಕ್ಕೆ ಯಜಮಾನರಿಗೆ ಹಿಂದೆ ಬಣ್ಣದ ಕಟ್ಟುಪಾಡು ನೆವವಾಗಿತ್ತು. 1949ರಲ್ಲಿ ಆ ನೆವವೂ ಇರಲಿಲ್ಲ. ರಾಬಿನ್ಸನ್ ಬಂದು ಎರಡು ವರ್ಷವಾಗಿತ್ತು. ಹುಡುಗನನ್ನು ಕಾಣಬಲ್ಲವನನ್ನು ಸಂಬಳ ಕೊಟ್ಟು ಇಟ್ಟುಕೊಂಡೂ ಅವನ ಮಾತಿಗೆ ಕಿವಿಗೊಡಲಿಲ್ಲ. ನಿಮಗೆ ಎರಡು ಸಲ ಅನ್ಯಾಯವಾಯಿತು, ಎರಡೂ ಒಂದೇ ಬಗೆಯದು ಎಂದು ನನಗನ್ನಿಸುವುದು ಇದಕ್ಕೇ. ಮೊದಲು ನೀವು ಕಣ್ಣಿಗೆ ಬಿದ್ದರೂ ಕರೆಯಲಿಲ್ಲ. ಆಮೇಲೆ ನಿಮ್ಮ ಕಣ್ಣಿಗೆ ಬಿದ್ದವನನ್ನೂ ಕರೆಯಲಿಲ್ಲ.

ಹಾಗೆಂದು ನಿಮ್ಮ ಸ್ಕೌಟ್ ಕೆಲಸವನ್ನು ಬರೀ ನಷ್ಟದ ಲೆಕ್ಕದಲ್ಲಿ ಮುಗಿಸಿದರೆ ನನ್ನಿಂದಲೂ ಅನ್ಯಾಯವಾದೀತು. ನೀವು ಮೆಂಫಿಸ್ ರೆಡ್ ಸಾಕ್ಸ್ ತಂಡದ ಬಾಬ್ ಬಾಯ್ಡ್ ಅವರನ್ನು ವೈಟ್ ಸಾಕ್ಸ್‌ಗೆ ಕರೆತಂದಿರಿ. ನೆಲಕ್ಕೆ ಸಮಾನಾಂತರವಾಗಿ, ಬಿಗಿಯಾಗಿ ಎಳೆದಂತೆ ಹೋಗುವ ಅವರ ಹೊಡೆತ ನೋಡಿ ಜನ ಅವರನ್ನು ‘ರೋಪ್’ ಎಂದು ಕರೆದರು. 1957ರಲ್ಲಿ ಬಾಲ್ಟಿಮೋರ್ ಪರ ಅವರ ಬ್ಯಾಟಿಂಗ್ ಸರಾಸರಿ .318, ಆ ಆಟದಲ್ಲಿ ಒಳ್ಳೆಯ ಅಂಕಿ. ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದ ಕ್ಯಾಚರ್ ಸ್ಯಾಮ್ ಹೇರ್‌ಸ್ಟನ್ ಅವರನ್ನೂ ಕರೆತಂದಿರಿ. 1951ರ ಜುಲೈಯಲ್ಲಿ ಅವರು ಅಂಗಳಕ್ಕಿಳಿದಾಗ ವೈಟ್ ಸಾಕ್ಸ್ ಪರ ಆಡಿದ ಮೊದಲ ಆಫ್ರಿಕನ್ ಅಮೆರಿಕನ್ ಆದರು. ಆ ಕ್ಲಬ್ಬಿನ ಕಪ್ಪುವರ್ಣೀಯರಲ್ಲಿ ಅವರಿಗೂ ಮೊದಲು ಆಡಿದವರು ಅದೇ ವರ್ಷ ಮೇ ತಿಂಗಳಲ್ಲಿ ಬಂದ ಕ್ಯೂಬಾದ ಮಿನಿ ಮಿನ್ಯೋಸೊ. ಹೇರ್‌ಸ್ಟನ್‌ಗೆ ಸಿಕ್ಕಿದ್ದು ನಾಲ್ಕೇ ಪಂದ್ಯ. ಅಷ್ಟಕ್ಕೆ ಅವರು ಆಟ ಬಿಡಲಿಲ್ಲ. ಮುಂದೆ ನಿಮ್ಮಂತೆ ಅವರೂ ಅದೇ ಕ್ಲಬ್ಬಿಗೆ ಸ್ಕೌಟ್ ಆದರು.

ಅವರ ಮನೆಯ ಸುದ್ದಿ ನಿಮಗೆ ತಿಳಿದಿರಲಾರದು. ಸ್ಯಾಮ್ ಅವರ ಮಕ್ಕಳು ಜಾನಿ ಮತ್ತು ಜೆರ‍್ರಿ ಇಬ್ಬರೂ ದೊಡ್ಡ ಲೀಗಿನಲ್ಲಿ ಆಡಿದರು. ಜೆರ‍್ರಿ ಅವರ ಮಕ್ಕಳು ಜೆರ‍್ರಿ ಜೂನಿಯರ್ ಮತ್ತು ಸ್ಕಾಟ್ ಕೂಡ ಆಡಿದರು. ಮೂರು ತಲೆಮಾರು, ಐದು ಜನ. ಜೆರ‍್ರಿ ಜೂನಿಯರ್ 2009ರಲ್ಲಿ ದೊಡ್ಡ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ಯಾಂಕೀಸ್ ತಂಡದಲ್ಲಿದ್ದರು. ಆ ಮನೆತನದ ಮೊದಲನೆಯವರನ್ನು ನೋಡಿ, ಇವನಾಗುತ್ತಾನೆ ಎಂದು ಬರೆದವರು ನೀವು.

1970ರ ಏಪ್ರಿಲ್ 14ರಂದು ನೀವು ಶಿಕಾಗೊದಲ್ಲಿ ಕಣ್ಣು ಮುಚ್ಚಿದಿರಿ. ಹತ್ತಿರದ ಆಲ್ಸಿಪ್‌ನ ಬರ್ ಓಕ್ ರುದ್ರಭೂಮಿಯಲ್ಲಿ ಮಣ್ಣಾದಿರಿ. ವರ್ಣದ್ವೇಷಕ್ಕೆ ಬಲಿಯಾದ ಹದಿನಾಲ್ಕರ ಹುಡುಗ ಎಮೆಟ್ ಟಿಲ್ ಮಲಗಿರುವ ನೆಲವೂ ಅದೇ. ನಿಮ್ಮ ಸಮಾಧಿಗೆ 34 ವರ್ಷ ಕಲ್ಲಿರಲಿಲ್ಲ. ಇಲಿನಾಯ್ ರಾಜ್ಯದ ವೈದ್ಯ ಜೆರೆಮಿ ಕ್ರಾಕ್, ನೀಗ್ರೊ ಲೀಗುಗಳ ಹೆಸರಿಲ್ಲದ ಸಮಾಧಿಗಳನ್ನು ಹುಡುಕಿ ಕಲ್ಲು ನೆಡಿಸುವ ಕೆಲಸ ಕೈಗೆತ್ತಿಕೊಂಡಾಗ ಮೊದಮೊದಲು ಕಲ್ಲು ಸಿಕ್ಕವರಲ್ಲಿ ನೀವೊಬ್ಬರು. ಅದು 2004ರಲ್ಲಿ. ಜನರು ಕೊಟ್ಟ ದೇಣಿಗೆಯಿಂದ ಆದ ಕೆಲಸ.

ಬೇಸ್‌ಬಾಲಿನ ಶ್ರೇಷ್ಠರನ್ನು ಗೌರವಿಸುವ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್ ನಿಮ್ಮ ಹೆಸರನ್ನು ಮೂರು ಸಲ ಪರಿಗಣಿಸಿದೆ. 2006ರ ವಿಶೇಷ ಸಮಿತಿ 39 ಹೆಸರುಗಳಲ್ಲಿ 17 ಆರಿಸಿತು, ನಿಮ್ಮದನ್ನು ಬಿಟ್ಟಿತು. 2021ರಲ್ಲಿ 16 ಮತಗಳಲ್ಲಿ ನಿಮಗೆ 8 ಬಂದವು, ಬೇಕಿದ್ದದ್ದು 12. 2024ರ ಡಿಸೆಂಬರಿನಲ್ಲಿ ಐದಕ್ಕೂ ಕಡಿಮೆ. ಈ ಇಳಿಕೆ ನನಗೆ ಅರ್ಥವಾಗುವುದಿಲ್ಲ, ಒಪ್ಪಿಗೆಯೂ ಇಲ್ಲ. ಆ ಮೂರು ವರ್ಷದಲ್ಲಿ ನಿಮ್ಮ ಪರವಾಗಿದ್ದ ದಾಖಲೆ ಕಡಿಮೆಯಾಗಿರಲಿಲ್ಲ.

2024ರಲ್ಲಿ ಮತ ಹಾಕಿದ ಸಮಿತಿ ಮತ್ತೆ ಸೇರುವುದು 2027ರ ಡಿಸೆಂಬರಿನಲ್ಲಿ. ಅದರಲ್ಲಿ ಕೂರುವವರು ಸ್ಟ್ರೈಕ್‌ಔಟ್ ಲೆಕ್ಕವನ್ನು ನೋಡಲಿ, ಪಕ್ಕದಲ್ಲೇ ಹೇರ್‌ಸ್ಟನ್ ಮನೆಯ ಐದು ಹೆಸರುಗಳನ್ನೂ ಬರೆದಿಟ್ಟುಕೊಳ್ಳಲಿ. ಸ್ಯಾಮ್ ಅವರನ್ನು ಕರೆತಂದದ್ದು ಯಾರು, ಮೇಸ್ ಬೇಕೆಂದಾಗ ಕೇಳದೇ ಹೋದದ್ದು ಯಾರು ಎಂದು ಒಬ್ಬರಾದರೂ ಎದ್ದು ಕೇಳಲಿ. ನಿಮ್ಮ ಪಟ್ಟಿಗೆ ಸೇರಿಸಬೇಕಾದ ಊರುಗಳನ್ನು ಗಾರ್ಟನ್ ಮತ್ತು ಸಂಗಡಿಗರು ಈ ಹೊತ್ತಿಗೂ ಹುಡುಕುತ್ತಿದ್ದಾರೆ.

ಇತಿ ಗೌರವಪೂರ್ವಕ,
ಕನ್ನಡದ ಒಬ್ಬ ಆಟದ ಅಭಿಮಾನಿ